ಸಿಪಾಯಿಯ ಕಾಗದ ಹೊತ್ತವನು ಸರ್ಕಾರದ ನೌಕರನಲ್ಲವಂತೆ!

ಪರದೇಶದಲ್ಲಿ ಬಂದೂಕು ಹಿಡಿದು ನಿಂತ ಸಿಪಾಯಿಗೆ ಊರಿನ ಒಂದು ಕಾಗದವೆಂದರೆ ಏನೆಂಬುದನ್ನು ಸರ್ಕಾರಕ್ಕೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1856ರಲ್ಲಿ ಪರ್ಷಿಯಾದ ಮೇಲೆ ಕಂಪನಿಯ ಸೈನ್ಯ ದಂಡೆತ್ತಿ ಹೋದಾಗ ಅದರ ಬೆನ್ನಿಗೇ ಇಲ್ಲಿನ ಅಂಚೆಯವರೂ ಹಡಗು ಹತ್ತಿದರು. ದಂಡು ಹೋದಲ್ಲಿಗೆ ಟಪಾಲೂ ಹೋಗಬೇಕೆಂಬ ಪದ್ಧತಿ ಅಂದು ಬಿತ್ತು. ಕಾಗದ ಬಾರದ ಸಿಪಾಯಿ ಮಂಕಾಗುತ್ತಾನೆ, ಮಂಕಾದವನಿಂದ ಯುದ್ಧ ನಡೆಯದು. ಇಷ್ಟು ಲೆಕ್ಕ ಬಿಳಿಯ ದೊರೆಗಳಿಗೆ ಚೆನ್ನಾಗಿ ಗೊತ್ತಿತ್ತು.

ಅವರದು ಸಿಪಾಯಿಯ ಮೇಲಿನ ಪ್ರೀತಿಯಲ್ಲ. 1914ರಲ್ಲಿ ಫ್ರಾನ್ಸಿನ ರಣರಂಗಕ್ಕೆ ಸಾಗಿಸಿದ ಭಾರತೀಯ ಸಿಪಾಯಿಗಳ ಕಾಗದಗಳನ್ನು ಬೂಲೋನ್ ಬಂದರಿನಲ್ಲಿ ಕುಳಿತ ಅಧಿಕಾರಿಗಳು ಒಡೆದು ಓದಿದರು, ತರ್ಜುಮೆ ಮಾಡಿಸಿ ವರದಿ ಬರೆದರು. ಓದುಬರಹ ಬಾರದ ರೈತನ ಮಗ ಇನ್ನೊಬ್ಬನ ಕೈಯಲ್ಲಿ ಹೇಳಿ ಬರೆಸಿದ ದುಃಖವೂ ಸಾಮ್ರಾಜ್ಯದ ಕಡತಕ್ಕೆ ಸೇರಿತು. ಹೀಗಿದ್ದರೂ ಕಾಗದ ಸಾಗಿಸುವ ಕೆಲಸವನ್ನು ಅವರು ನಿಲ್ಲಿಸಲಿಲ್ಲ.

ಸ್ವತಂತ್ರ ಭಾರತ ಈ ಹೊಣೆಯನ್ನು ಮರ್ಯಾದೆಯಿಂದ ಹೊತ್ತಿತೆಂಬುದನ್ನು ನಾವು ಒಪ್ಪುತ್ತೇವೆ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ತಂಟೆ ಬಗೆಹರಿಸಲು ನೇಮಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಅಧ್ಯಕ್ಷರಾದರು. ಅಲ್ಲಿಗೆ ಹೋದ ನಮ್ಮ ಪಡೆಗಾಗಿ ಭಾರತದ ಅಂಚೆಚೀಟಿಯ ಮೇಲೆ ಆ ಪಡೆಯ ಹೆಸರನ್ನೇ ಅಚ್ಚೊತ್ತಿ ಕೊಟ್ಟರು. 1954ರಲ್ಲಿ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳಿಗೆ ಹೋದ ಆಯೋಗಗಳಿಗೂ, 1962ರಲ್ಲಿ ಕಾಂಗೋದ ಪಡೆಗೂ, 1965ರಲ್ಲಿ ಗಾಜಾದ ಪಡೆಗೂ ಹೀಗೆಯೇ ಚೀಟಿಗಳು ಬಂದವು. ಸಿಪಾಯಿ ಸಮುದ್ರದಾಚೆ ಇದ್ದರೂ ಅವನ ಕಾಗದಕ್ಕೆ ಭಾರತದ್ದೇ ಚೀಟಿ, ಭಾರತದ್ದೇ ಮುದ್ರೆ.

1972ರ ಮಾರ್ಚ್ 1ರಿಂದ ಸೇನಾ ಅಂಚೆ ಸೇವೆ ಒಂದು ಪ್ರತ್ಯೇಕ ದಳವಾಯಿತು. ಅದೇ ವರ್ಷ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗ ಒಂಬತ್ತರ ಅಂಕಿಯನ್ನು ಪೂರ್ತಿಯಾಗಿ ಸೇನೆಗೇ ಬಿಟ್ಟುಕೊಟ್ಟರು. ಹೆಸರು, ನಂಬರು, ದಳ, ಕೊನೆಗೆ ‘56 ಎ.ಪಿ.ಓ.’ ಎಂದು ಬರೆದರೆ ಸಾಕು. ಸಿಪಾಯಿ ಹಿಮಾಲಯದಲ್ಲಿದ್ದಾನೋ ಮರುಭೂಮಿಯಲ್ಲಿದ್ದಾನೋ ಬರೆಯುವವರಿಗೆ ತಿಳಿಯಬೇಕಾಗಿಲ್ಲ. ದೆಹಲಿಯ ಸೇನಾ ಅಂಚೆ ಕೇಂದ್ರ ಅವನನ್ನು ಹುಡುಕಿ ಮುಟ್ಟಿಸುತ್ತದೆ. ಈ ದಳದಲ್ಲಿ ದುಡಿಯುವವರಲ್ಲಿ ಬಹುಪಾಲು ಜನ ಊರ ಅಂಚೆ ಇಲಾಖೆಯಿಂದಲೇ ಹೋದವರು. ಇಲ್ಲಿ ಖಾಕಿ ಚೀಲ ಹಿಡಿದವರೇ ಅಲ್ಲಿ ಸಮವಸ್ತ್ರ ತೊಡುತ್ತಾರೆ.

ರಾಯಭಾರಿಗಳ ಟಪಾಲಿನ ಗತ್ತು ಇದಕ್ಕೂ ಮಿಗಿಲು. 1961ರ ವಿಯೆನ್ನಾ ಒಪ್ಪಂದದ 27ನೆಯ ವಿಧಿಯಂತೆ ರಾಯಭಾರ ಕಚೇರಿಯ ಚೀಲವನ್ನು ಯಾವ ದೇಶದವನೂ ಒಡೆಯಕೂಡದು, ತಡೆಯಲೂಕೂಡದು. ಅದನ್ನು ಹೊತ್ತು ಹೋಗುವವನನ್ನು ಬಂಧಿಸಕೂಡದು. ನಮ್ಮ ಪಾರ್ಲಿಮೆಂಟು 1972ರಲ್ಲಿ ಕಾನೂನು ಮಾಡಿ ಇದಕ್ಕೆ ಬಲ ಕೊಟ್ಟಿತು. ಟಪಾಲಿಗೆ ಮರ್ಯಾದೆ ಬೇಕಾದರೆ ಅದನ್ನು ಹೊತ್ತವನಿಗೂ ಮರ್ಯಾದೆ ಬೇಕೆಂಬುದು ಆ ವಿಧಿಯ ತಿರುಳು. ಈ ತಿರುಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಜಿಲ್ಲೆಗೆ ಬನ್ನಿ. ಸಿಪಾಯಿ ಆಕಾಶದಿಂದ ಉದುರಿದವನಲ್ಲ. ಅವನ ಮನೆ ಗುಬ್ಬಿ ತಾಲ್ಲೂಕಿನ ಹಾಗಲವಾಡಿ, ಚೇಳೂರುಗಳ ಕಡೆಯ ಹಳ್ಳಿಯಲ್ಲಿರಬಹುದು, ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ, ಅಮೃತೂರುಗಳ ಕಡೆ ಇರಬಹುದು. ಅವನ ತಾಯಿಯ ಕಾಗದ ಹೊರಡುವುದು, ಅವನ ಕಾಗದ ಬಂದು ಮುಟ್ಟುವುದು 572ರ ಪಿನ್ ಇರುವ ಈ ಹಳ್ಳಿಗಳಲ್ಲಿ. ದೆಹಲಿಯಿಂದ ಬೆಂಗಳೂರಿಗೆ, ಅಲ್ಲಿಂದ ತುಮಕೂರಿಗೆ, ಅಲ್ಲಿಂದ ಗುಬ್ಬಿಗೋ ಕುಣಿಗಲ್ಲಿಗೋ ಸಂಬಳದ ನೌಕರರ ಕೈಯಲ್ಲಿ ಚೀಲ ಬರುತ್ತದೆ. ತಾಲ್ಲೂಕು ಕೇಂದ್ರ ದಾಟಿ ಹಳ್ಳಿಯ ದಾರಿ ಹಿಡಿಯಿತೆಂದರೆ ಅದನ್ನು ಹೊರುವವನು ಗ್ರಾಮೀಣ ಡಾಕ್ ಸೇವಕ. ಅವನು ಸರ್ಕಾರದ ಕಾಯಂ ನೌಕರನಲ್ಲ!

ಸರ್ಕಾರದ ನಿಯಮದಲ್ಲಿ ಅವನ ದುಡಿಮೆ ದಿನಕ್ಕೆ ನಾಲ್ಕೋ ಐದೋ ಗಂಟೆ. ಅವನಿಗೆ ಕೊಡುವುದನ್ನು ಸಂಬಳವೆಂದೂ ಕರೆಯುವುದಿಲ್ಲ, ಕಾಲಾಧಾರಿತ ಭತ್ಯೆಯೆಂದು ಕರೆಯುತ್ತಾರೆ. 2018ರ ಆಜ್ಞೆಯಂತೆ ಅದರ ಆರಂಭದ ಮೊತ್ತ, ತುಟ್ಟಿಭತ್ಯೆ ಬಿಟ್ಟು, ತಿಂಗಳಿಗೆ 10,000 ರೂಪಾಯಿಯಿಂದ 14,500 ರೂಪಾಯಿ. ಹೊಟ್ಟೆಪಾಡಿಗೆ ಬೇರೆ ಆದಾಯವಿರಬೇಕೆಂಬ ಷರತ್ತು ಅವನ ತಲೆಯ ಮೇಲೆ. ಶಾಖಾ ಅಂಚೆಕಚೇರಿಗೆ ಕೋಣೆ ಹುಡುಕಿಕೊಡುವ ಹೊರೆಯೂ ಅವನದೇ. ಕಾಯಂ ನೌಕರನಂತೆ ಪಿಂಚಣಿ ಇಲ್ಲ. ದೇಶದಲ್ಲಿ ಇಂಥವರು ಸುಮಾರು ಎರಡೂವರೆ ಲಕ್ಷ ಜನ. ಕುಣಿಗಲ್ ಫಾರಂನಲ್ಲಿ ಒಂದು ಕಾಲಕ್ಕೆ ದಂಡಿಗೆಂದು ಸಾಕಿದ ಕುದುರೆಗೂ ದಂಡಿನ ಲೆಕ್ಕದಲ್ಲೇ ಮೇವು ಬೀಳುತ್ತಿತ್ತು. ಬೇರೆ ಕಡೆ ಮೇದುಕೊಂಡು ಬಾ ಎಂದು ಕುದುರೆಗೆ ಯಾರೂ ಹೇಳಲಿಲ್ಲ!

ಇದು ತಿಳಿಯದೆ ಆದ ಅನ್ಯಾಯವೇ? ಅಲ್ಲ. ಇವರದು ಸರ್ಕಾರದ ಸಿವಿಲ್ ಹುದ್ದೆಯೇ ಎಂದು 1977ರಲ್ಲಿ ರಾಜಮ್ಮ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. 1997ರಲ್ಲಿ ನ್ಯಾಯಮೂರ್ತಿ ತಲ್ವಾರ್ ಸಮಿತಿ ಇವರ ಸ್ಥಿತಿ ಸುಧಾರಿಸಲು ವರದಿ ಕೊಟ್ಟಿತು. 2016ರಲ್ಲಿ ಕಮಲೇಶ್ ಚಂದ್ರ ಸಮಿತಿ ಇನ್ನೊಂದು ವರದಿ ಕೊಟ್ಟಿತು. ಆ ವರದಿ ಧೂಳು ತಿನ್ನುತ್ತಿದ್ದಾಗ 2018ರ ಮೇ 22ರಿಂದ ಡಾಕ್ ಸೇವಕರು ಮುಷ್ಕರ ಹೂಡಿದರು. ಜೂನ್ 6ಕ್ಕೆ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಎರಡು ವರ್ಷದಲ್ಲಿ ಆಗದ್ದು ಹದಿನಾರು ದಿನದಲ್ಲಿ ಆಯಿತು! ಗಿರಣಿಯ ಅಣ್ಣಂದಿರು ಇದನ್ನು ಗಮನಿಸಬೇಕು. ಆದರೆ ಸಿಕ್ಕಿದ್ದು ಭತ್ಯೆಯ ಏರಿಕೆ, ನೌಕರನೆಂಬ ಹೆಸರು ಸಿಗಲಿಲ್ಲ. ಡಾಕ್ ಸೇವಕನಾಗಿ ದುಡಿದ ವರ್ಷಗಳು, ಅವನು ಮುಂದೆ ಕಾಯಂ ಆದರೂ, ಪಿಂಚಣಿಯ ಲೆಕ್ಕಕ್ಕೆ ಬರುವುದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಎಂಟು ಗಂಟೆಯ ಕೆಲಸ, ಪಿಂಚಣಿ ಬೇಕೆಂದು 2023ರ ಡಿಸೆಂಬರಿನಲ್ಲಿ ಅವರು ಮತ್ತೆ ಬೀದಿಗಿಳಿಯಬೇಕಾಯಿತು.

ಸರ್ಕಾರದ ವಕೀಲಿಕೆ ಮಾಡುವವರ ಮಾತುಗಳನ್ನೂ ನೋಡೋಣ. ‘ಈಗ ಕಾಗದ ಯಾರು ಬರೆಯುತ್ತಾರೆ? ಸಿಪಾಯಿಯ ಕೈಯಲ್ಲೂ ಮೊಬೈಲಿದೆ’ ಎನ್ನುತ್ತಾರೆ. ಇರಲಿ. ಮೊಬೈಲಿನಲ್ಲಿ ತಂಗಿಯ ರಾಖಿ ಹೋಗುತ್ತದೆಯೇ? ಔಷಧಿಯ ಪೊಟ್ಟಣ ಬರುತ್ತದೆಯೇ? ಕೋರ್ಟಿನ ಸಮನ್ಸು, ಬ್ಯಾಂಕಿನ ಕಾರ್ಡು ಬರುತ್ತವೆಯೇ? ಸಿಪಾಯಿ ನಿವೃತ್ತನಾಗಿ ಊರಿಗೆ ಬಂದ ಮೇಲೆ ಅವನು ಬದುಕಿದ್ದಾನೆಂಬ ಸರ್ಟಿಫಿಕೇಟನ್ನು ಮನೆಬಾಗಿಲಿಗೆ ಬಂದು ಮಾಡಿಕೊಡುವ ಕೆಲಸವನ್ನೂ ಅಂಚೆಯವರಿಗೇ ವಹಿಸಿದ್ದಾರೆ. ತನಗೆ ಪಿಂಚಣಿಯಿಲ್ಲದ ಮನುಷ್ಯ ಇನ್ನೊಬ್ಬನ ಪಿಂಚಣಿ ಕಾಯುತ್ತಾನೆ!

‘ನಾಲ್ಕು ಗಂಟೆಯ ಕೆಲಸಕ್ಕೆ ಪೂರ್ಣ ಸಂಬಳವೇ?’ ಎಂಬುದು ಎರಡನೆಯ ಮಾತು. ಉಳಿತಾಯ ಖಾತೆ, ವಿಮೆ, ಪೇಮೆಂಟ್ಸ್ ಬ್ಯಾಂಕು, ಪಾರ್ಸೆಲು, ಇದಿಷ್ಟನ್ನೂ ಅವನ ಚೀಲಕ್ಕೆ ತುಂಬಿದವರು ಯಾರು? ಕೆಲಸ ತುಂಬುವಾಗ ಗಡಿಯಾರ ನೋಡದವರು ಕೂಲಿ ಕೊಡುವಾಗ ಮಾತ್ರ ನೋಡುತ್ತಾರೆ. ‘ಹಣವಿಲ್ಲ’ ಎಂಬುದು ಮೂರನೆಯದು. ಗುಬ್ಬಿಯ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ತೆರೆದರು. ಬೇಡವೆಂದು ನಾವು ಹೇಳುವುದಿಲ್ಲ. ನಮ್ಮ ಹುಡುಗರಿಗೆ ಅಲ್ಲಿ ಕೆಲಸ ಸಿಗಲಿ. ಸೇನೆಯ ಹೆಲಿಕಾಪ್ಟರಿಗೆ ಹಣ ಹೊಂದಿಸಬಲ್ಲ ಸರ್ಕಾರ ಅದೇ ತಾಲ್ಲೂಕಿನಲ್ಲಿ ಸಿಪಾಯಿಯ ಮನೆಗೆ ಕಾಗದ ಒಯ್ಯುವವನ ಮುಂದೆ ಬಡತನ ತೋರಿಸುವುದು ಮಾತ್ರ ನಾಚಿಕೆಗೇಡು.

ಗಿರಣಿಯ ಕಾರ್ಮಿಕರಿಗೆ ಈ ಆಟ ಹೊಸದಲ್ಲ. ಕಾಯಂ ಕೆಲಸಕ್ಕೆ ಬದಲಿ ಆಳು, ಹಂಗಾಮಿ ಆಳು, ಗುತ್ತಿಗೆ ಆಳು ಎಂದು ಹೆಸರು ಬದಲಿಸಿ ಕೂಲಿ ಕತ್ತರಿಸುವುದನ್ನು ನಾವು ದಿನವೂ ಕಾಣುತ್ತೇವೆ. ಖಾಸಗಿ ಧಣಿಗೆ ಈ ಪಾಠ ಹೇಳಿಕೊಟ್ಟದ್ದು ಯಾರು? ಸರ್ಕಾರವೇ ದೊಡ್ಡ ಗುತ್ತಿಗೆದಾರನಾದರೆ ಸಣ್ಣ ಧಣಿಯನ್ನು ಹಿಡಿಯುವವರಾರು? ಅಂಗಡಿಯವರೂ ಇದು ತಮಗೆ ಸೇರಿದ್ದಲ್ಲವೆಂದು ಕೂರಬಾರದು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು. ಹಳ್ಳಿಯ ಬಾಕಿದಾರನಿಗೆ ನೀವು ಕಳಿಸುವ ನೋಟೀಸು ಹೆಸರು ಬದಲಿಸಿಕೊಂಡರೂ ಕೊನೆಗೆ ಅದೇ ಡಾಕ್ ಸೇವಕನ ಕೈಗೇ ಬೀಳುತ್ತದೆ. ಅವನ ಹೊಟ್ಟೆ ತುಂಬಿದರೆ ನಿಮ್ಮ ವ್ಯವಹಾರವೂ ನಡೆಯುತ್ತದೆ.

ನಮ್ಮ ಬೇಡಿಕೆ ನೇರವಾದದ್ದು. ಗ್ರಾಮೀಣ ಡಾಕ್ ಸೇವಕರನ್ನು ಅಂಚೆ ಇಲಾಖೆಯ ಕಾಯಂ ನೌಕರರೆಂದು ಒಪ್ಪಬೇಕು. ಎಂಟು ಗಂಟೆಯ ಕೆಲಸ, ಅದಕ್ಕೆ ತಕ್ಕ ಸಂಬಳ ಕೊಡಬೇಕು. ದುಡಿದ ಪ್ರತಿಯೊಂದು ವರ್ಷವನ್ನೂ ಪಿಂಚಣಿಗೆ ಹಿಡಿಯಬೇಕು, ಕೋರ್ಟು ಅಡ್ಡ ಬಂದರೆ ಪಾರ್ಲಿಮೆಂಟು ಕಾನೂನು ಮಾಡಬೇಕು. ಶಾಖಾ ಕಚೇರಿಗೆ ಸರ್ಕಾರವೇ ಕಟ್ಟಡ ಕೊಡಬೇಕು.

ಕಾಂಗೋಗೆ, ಕೊರಿಯಾಕ್ಕೆ ಟಪಾಲು ಮುಟ್ಟಿಸಲು ದಾರಿ ಕಂಡುಕೊಂಡ ದೇಶಕ್ಕೆ ಇದು ಅಸಾಧ್ಯವೆಂದರೆ ನಾವು ನಂಬುವುದಿಲ್ಲ. ಕಾರ್ಮಿಕ ಸಂಘಗಳು ತಮ್ಮ ಮುಂದಿನ ಸಭೆಯಲ್ಲಿ ಈ ನಾಲ್ಕು ಬೇಡಿಕೆಗಳ ನಿರ್ಣಯ ಮಾಡಲಿ. ವರ್ತಕರ ಸಂಘಗಳೂ ಜೊತೆಗೂಡಲಿ. ನಿರ್ಣಯದ ಪ್ರತಿಯನ್ನು ತುಮಕೂರಿನ ಲೋಕಸಭಾ ಸದಸ್ಯರಿಗೂ ದೆಹಲಿಯ ಸಂಪರ್ಕ ಮಂತ್ರಿಗೂ ಅಂಚೆಯಲ್ಲೇ ಕಳಿಸಲಿ. ರಾಯಭಾರಿಯ ಚೀಲ ಹೊತ್ತವನಿಗೆ ವಿಯೆನ್ನಾದಲ್ಲಿ ಸಿಕ್ಕ ಮರ್ಯಾದೆ ಸಿಪಾಯಿಯ ತಾಯಿಗೆ ಕಾಗದ ತಂದುಕೊಡುವವನಿಗೆ ಗುಬ್ಬಿಯಲ್ಲಿ, ಕುಣಿಗಲ್ಲಿನಲ್ಲಿ ಸಿಗುವವರೆಗೆ ಈ ಹೋರಾಟ ನಿಲ್ಲಕೂಡದು.