ಕಾಂಜಿ ಕಲಿಕೆ: ಹೊಸದಕ್ಕಿಂತ ಹಳೆಯ ಬಾಕಿಯೇ ಭಾರ

ಜಪಾನಿ ಭಾಷೆಯನ್ನು ತಾವಾಗಿಯೇ ಕಲಿಯಲು ಹೊರಟವರಿಗೆ ಮೊದಲ ತಿಂಗಳು ಹಬ್ಬವಿದ್ದಂತೆ. ಹಿರಾಗಾನ, ಕತಾಕಾನ ಲಿಪಿಗಳು ಕೆಲವೇ ವಾರಗಳಲ್ಲಿ ಕೈಗೆ ಹತ್ತುತ್ತವೆ. ಆಮೇಲೆ ಚೀನಾದಿಂದ ಬಂದ ಕಾಂಜಿಗಳ ಸರದಿ. ಜಪಾನ್ ಸರ್ಕಾರದ 2010ರ ಪಟ್ಟಿಯಂತೆ ದಿನಬಳಕೆಯವೇ 2,136. ಬಹಳ ಮಂದಿ ಪುಸ್ತಕ ಮಡಚಿಡುವುದು ಇಲ್ಲೇ.

ಕಾಂಜಿ ಕಷ್ಟವೆಂದು ಎಲ್ಲರೂ ದೂರುತ್ತಾರೆ. ಅಸಲಿಗೆ ಕೈಕೊಡುವುದು ಕಲಿಯುವವರ ಲೆಕ್ಕಾಚಾರ. ದಿನಕ್ಕೆ 20ರಂತೆ ಕಲಿತರೆ ನಾಲ್ಕು ತಿಂಗಳೊಳಗೆ ಪಟ್ಟಿ ಮುಗಿಯಿತು ಎಂದು ಗುಣಿಸಿಕೊಳ್ಳುತ್ತಾರೆ. ಮರೆವಿಗೆ ಆ ಲೆಕ್ಕದಲ್ಲಿ ಜಾಗವೇ ಇರುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್, ಅರ್ಥವಿಲ್ಲದ ಪದಾಂಶಗಳನ್ನು ತಾನೇ ಉರು ಹೊಡೆದು ಪರೀಕ್ಷಿಸಿ, ಹೆಚ್ಚಿನವು ಮೊದಲ ದಿನವೇ ಜಾರಿಹೋಗುತ್ತವೆಂದು 1885ರಲ್ಲೇ ತೋರಿಸಿದ್ದ. ಇಂದು ಆಂಕಿಯಂಥ ಆ್ಯಪ್‌ಗಳು, ಮರೆತೇಹೋಗುವ ಹೊತ್ತಿಗೆ ಅದೇ ಅಕ್ಷರವನ್ನು ಮತ್ತೆ ಮುಂದಿಡುತ್ತವೆ. ಉಪಾಯ ಒಳ್ಳೆಯದೇ. ಆದರೆ ದಿನಕ್ಕೆ 20 ಹೊಸದು ಸೇರಿಸಿದವರ ಮುಂದೆ ಕೆಲವು ವಾರಗಳಲ್ಲಿ ನೂರಕ್ಕೂ ಹೆಚ್ಚು ಹಳೆಯವು ದಿನವೂ ಸಾಲುಗಟ್ಟುತ್ತವೆ. ನಾಲ್ಕು ದಿನ ಊರಿಗೆ ಹೋಗಿ ಬಂದರಂತೂ ಬಾಕಿ ನೋಡಿಯೇ ಎದೆ ಧಸಕ್ಕೆನ್ನುತ್ತದೆ.

ಜಪಾನಿನ ಮಕ್ಕಳಿಗೂ ಇಷ್ಟು ಅವಸರವಿಲ್ಲ. ಒಂದನೇ ತರಗತಿಗೆ 80 ಕಾಂಜಿ, ಆರು ವರ್ಷದ ಪ್ರಾಥಮಿಕ ಶಾಲೆ ಮುಗಿಯುವಷ್ಟರಲ್ಲಿ 1,026. ಅದೂ ಮನೆಯಲ್ಲಿ ಆಡುವ ಮಾತೇ ಜಪಾನಿಯಾಗಿರುವಾಗ.

ಬಿಡಿ ಅಕ್ಷರಗಳನ್ನು ಉರು ಹೊಡೆಯುವುದು ಇನ್ನೊಂದು ಎಡವಟ್ಟು. ಬದುಕು, ಹುಟ್ಟು ಎಂಬರ್ಥದ ಐದೇ ಗೆರೆಯ ಕಾಂಜಿಯೊಂದಿದೆ. ಮೇಷ್ಟ್ರನ್ನು ಕರೆಯುವ ‘ಸೆನ್ಸೇ’ಯಲ್ಲಿ ಅದು ಸೇ, ಹುಟ್ಟುಹಬ್ಬದ ‘ತಂಜೋಬಿ’ಯಲ್ಲಿ ಜೋ, ಹಸಿ ಮೊಟ್ಟೆಯ ‘ನಮತಮಾಗೊ’ದಲ್ಲಿ ನಮ. ಉಚ್ಚಾರಗಳನ್ನು ಪಟ್ಟಿ ಮಾಡಿ ಬಾಯಿಪಾಠಕ್ಕೆ ಕೂತವರಿಗೆ ಇದು ಹಿಂಸೆ. ಆ ಮೂರು ಪದ ಬಲ್ಲವರಿಗೆ ಮೂರು ಉಚ್ಚಾರವೂ ಆಗಲೇ ಬಂದಿರುತ್ತವೆ.

ಅಕ್ಷರದೊಳಗೂ ಒಂದು ಕ್ರಮವಿದೆ. ಅದು ಕಂಡ ದಿನದಿಂದ ಕಲಿಕೆಗೆ ರುಚಿ ಹತ್ತುತ್ತದೆ. ನೀಲಿ ಎಂಬ ಕಾಂಜಿಯ ಎಡಕ್ಕೆ ನೀರಿನ ಚಿಹ್ನೆ ಸೇರಿದರೆ ಶುಭ್ರ, ಸೂರ್ಯ ಸೇರಿದರೆ ತಿಳಿಯಾದ ಆಕಾಶ, ಮಾತು ಸೇರಿದರೆ ಬೇಡಿಕೆ. ಮೂರಕ್ಕೂ ಚೀನಾ ಮೂಲದ ಉಚ್ಚಾರ ಸೇ. ಎಡಗಡೆ ಅರ್ಥದ ಸುಳಿವು, ಬಲಗಡೆ ದನಿಯ ಸುಳಿವು. ಎಲ್ಲ ಕಡೆ ಇಷ್ಟು ಸಲೀಸಲ್ಲ, ನಿಜ. ಆದರೂ ಕಾಂಜಿಗಳಲ್ಲಿ ಬಹುಪಾಲು ಈ ಬಗೆಯವೇ.

ಕೈಬರಹದ ಮಾತೇನು? ಬೆಂಗಳೂರಿನಲ್ಲೂ ನಡೆಯುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ, ಜೆಎಲ್‌ಪಿಟಿ, ಪೂರ್ತಿ ಬಹುಆಯ್ಕೆ ಪ್ರಶ್ನೆಗಳದ್ದು. ಒಂದು ಕಾಂಜಿಯನ್ನೂ ಬರೆಯಬೇಕಿಲ್ಲ. ಮೊಬೈಲಿನಲ್ಲಿ ಟೈಪಿಸಿ ಅಭ್ಯಾಸವಾದ ಜಪಾನಿಗರೇ ಪೆನ್ನು ಹಿಡಿದಾಗ ತಡಕಾಡುವುದುಂಟು. ಉದ್ಯೋಗಕ್ಕಾಗಿ ಕಲಿಯುವವರು ಮೊದಲ ಕೆಲವು ನೂರನ್ನು ಬರೆದು, ಗೆರೆಗಳ ಕ್ರಮ ಕೈಗೆ ಕೂತ ಮೇಲೆ ಉಳಿದವನ್ನು ಓದಲಷ್ಟೇ ಕಲಿತರೆ ನಷ್ಟವಿಲ್ಲ. ಹಳೇ ಕಾಲದ ಮೇಷ್ಟ್ರುಗಳು ಇದನ್ನು ಒಪ್ಪಲಿಕ್ಕಿಲ್ಲ, ಇರಲಿ.

ಬಾಕಿ ಬೆಳೆದು ಇನ್ನು ಸಾಕೆನಿಸಿದವರು ಒಂದು ತಿಂಗಳು ಹೊಸ ಕಾಂಜಿಯನ್ನು ಮುಟ್ಟದೆ ಹಳೆಯವನ್ನಷ್ಟೇ ತಿರುವಿಹಾಕಲಿ. ಆಮೇಲೆ ದಿನಕ್ಕೆ ಐದು ಸಾಕು. 2,136 ಮುಗಿಯಲು ಒಂದು ವರ್ಷ ಎರಡು ತಿಂಗಳು. ಜೊತೆಗೆ ಡೋರೇಮಾನ್‌ನ ಜಪಾನಿ ಕಾಮಿಕ್ಸ್ ಒಂದಿರಲಿ. ಮಕ್ಕಳಿಗಾಗಿ ಕಾಂಜಿಯ ಪಕ್ಕದಲ್ಲೇ ಅದರ ಉಚ್ಚಾರವನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ, ಮತ್ತೆ ಮತ್ತೆ ನಿಘಂಟು ತೆರೆಯಬೇಕಿಲ್ಲ.