ನಿಯಮ ಬಿಗಿಯಾಯಿತೆಂಬ ಕೂಗು

ಕಾಲೇಜಿಗೆ ಹೊಸದಾಗಿ ಬಂದವರನ್ನು ಹಳಬರು ಪೀಡಿಸುವ ರ‍್ಯಾಗಿಂಗ್ ಪದ್ಧತಿಯ ವಿರುದ್ಧದ ನಿಯಮಗಳು ಅತಿ ಬಿಗಿಯಾಗಿವೆ, ನಾಲ್ಕು ನಗೆಮಾತಿಗೂ ಹುಡುಗರ ಬಾಳು ಹಾಳಾಗುತ್ತಿದೆ ಎಂಬ ಕೂಗು ಅಲ್ಲಲ್ಲಿ ಕೇಳಿಬರುತ್ತಿದೆ. ಇದು ಓದಿದವರ ಜಗಳ, ನಮಗೇಕೆ ಎಂದು ಗಿರಣಿಯ ಕೂಲಿಕಾರ ಬಾಂಧವರಾಗಲಿ ಬಜಾರದ ಸಣ್ಣ ವ್ಯಾಪಾರಿಗಳಾಗಲಿ ಸುಮ್ಮನಿರುವಂತಿಲ್ಲ. ತಿಕೋಟಾ, ಬಬಲೇಶ್ವರಗಳಿಂದ ಹೊಟ್ಟೆ ಬಟ್ಟೆ ಕಟ್ಟಿ ವಿಜಯಪುರದ ವಸತಿಗೃಹಗಳಿಗೆ ಕಳಿಸಿದ ಮಕ್ಕಳು ನಮ್ಮವರೇ.

ಮೊದಲು ಈ ನಿಯಮಗಳು ಹೇಗೆ ಬಂದವೆಂಬುದನ್ನು ನೋಡೋಣ. ಕರ್ನಾಟಕ ಶಿಕ್ಷಣ ಕಾಯದೆ, 1983, ರ‍್ಯಾಗಿಂಗಿಗೆ ಒಂದು ವರ್ಷದವರೆಗೆ ಸಜೆ, ಇಲ್ಲವೆ ಎರಡು ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. 2001ರಲ್ಲಿ ಸುಪ್ರೀಂ ಕೋರ್ಟು ಕಾಲೇಜುಗಳಿಗೆ ಕಟ್ಟಪ್ಪಣೆ ಮಾಡಿತು. ಆದರೂ 2009ರ ಮಾರ್ಚಿನಲ್ಲಿ ಹಿಮಾಚಲದ ಟಾಂಡಾ ವೈದ್ಯಕೀಯ ಕಾಲೇಜಿನಲ್ಲಿ ಒಬ್ಬ ಹುಡುಗ ಹಳಬರ ಹೊಡೆತದಿಂದ ಸತ್ತ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ ಈಗಿನ ನಿಯಮಗಳನ್ನು ಹೊರಡಿಸಿತು. ವಿದ್ಯಾರ್ಥಿಯೂ ಪಾಲಕನೂ ಪ್ರಮಾಣಪತ್ರ ಬರೆದುಕೊಡಬೇಕು. ಅಪರಾಧ ನಡೆದರೆ ಇಪ್ಪತ್ನಾಲ್ಕು ತಾಸಿನೊಳಗೆ ಪೊಲೀಸರಿಗೆ ದೂರು ಹೋಗಬೇಕು. ತಪ್ಪಿತಸ್ಥನನ್ನು ಕಾಲೇಜಿನಿಂದಲೇ ಹೊರಹಾಕಬಹುದು. ಹೆಣ ಬಿದ್ದ ಮೇಲೆ ಬಂದ ಬಿಗಿ ಇದು.

ಇಷ್ಟಾಗಿಯೂ ಪೀಡೆ ನಿಂತಿತೇ? 2025ರ ಫೆಬ್ರುವರಿಯಲ್ಲಿ ನಮ್ಮ ವಿಜಯಪುರದ ಅಲ್ ಅಮೀನ್ ವೈದ್ಯಕೀಯ ಕಾಲೇಜಿನಲ್ಲಿ, ಕಾಶ್ಮೀರದಿಂದ ಓದಲು ಬಂದ ವಿದ್ಯಾರ್ಥಿಯನ್ನು ಹಿರಿಯರು ಹೊಡೆದರೆಂಬ ದೂರಿನ ಮೇಲೆ ಪೊಲೀಸರು ಮೊಕದ್ದಮೆ ದಾಖಲಿಸಬೇಕಾಯಿತು. ಹೀಗಿರುವಾಗ ನಿಯಮವನ್ನು ಸಡಿಲಿಸಿರೆಂದು ಯಾವ ಬಾಯಿಂದ ಕೇಳುವುದು?

ಪೀಡೆಯಿಂದ ಹುಡುಗರು ಗಟ್ಟಿಯಾಗುತ್ತಾರೆ ಎನ್ನುವವರಿದ್ದಾರೆ. ಗಿರಣಿಯಲ್ಲಿ ಹೊಸ ಆಳಿನ ಮೇಲೆ ಕೈಯೆತ್ತುವ ಮುಕಾದಮನೂ ಇದನ್ನೇ ಹೇಳುತ್ತಾನೆ. ದಬ್ಬಾಳಿಕೆ ತಿಂದವನು ಕಲಿಯುವುದು ಮುಂದೆ ದಬ್ಬಾಳಿಕೆ ಮಾಡುವುದನ್ನೇ.

ಆದರೆ ಒಂದು ವಿಷಯದಲ್ಲಿ ಆ ಕೂಗಿನಲ್ಲಿ ಹುರುಳಿದೆ. ತಪ್ಪು ಮಾಡಿದವನು ಸಿಗದಿದ್ದರೆ ಗುಂಪಿಗೇ ಶಿಕ್ಷೆ ಕೊಡಬೇಕೆಂದು 2009ರ ನಿಯಮ ಹೇಳುತ್ತದೆ. ಬಜಾರದಲ್ಲಿ ಒಬ್ಬನ ತಕ್ಕಡಿ ಸುಳ್ಳಾದರೆ ಎಲ್ಲ ಅಂಗಡಿಗಳಿಗೂ ಬೀಗ ಜಡಿಯುವುದು ನ್ಯಾಯವೇ? ಕೂಲಿಕಾರನ ಮೇಲಿನ ಆಪಾದನೆಯನ್ನು ತಿಳಿಸಿ, ಅವನ ಮಾತು ಕೇಳಿದ ಮೇಲೆಯೇ ಅವನನ್ನು ತೆಗೆಯಬೇಕೆಂಬ ಹಕ್ಕನ್ನು ದುಡಿಯುವ ವರ್ಗ 1946ರ ಸ್ಥಾಯಿ ಆದೇಶಗಳ ಕಾಯದೆಯ ಮೂಲಕ ಪಡೆದುಕೊಂಡಿತು. ನಮಗೆ ಬೇಕಾದ ನ್ಯಾಯ ನಮ್ಮ ಮಕ್ಕಳಿಗೆ ಬೇಡವೇ? ಸಾಕ್ಷಿ ಹೇಳುವವರಿಲ್ಲ, ಅದಕ್ಕೇ ಗುಂಪುಶಿಕ್ಷೆ ಎನ್ನುತ್ತಾರೆ. ಸಾಕ್ಷಿ ಬಾಯಿ ಬಿಡದಿರುವುದು ಅಂಜಿಕೆಯಿಂದ. ಅಂಜಿದವನಿಗೆ ರಕ್ಷಣೆ ಕೊಡಬೇಕೇ ಹೊರತು ಶಿಕ್ಷೆಯನ್ನಲ್ಲ. ಉಳ್ಳವರ ಮಗ ವರ್ಷ ಕಳೆದುಕೊಂಡರೂ ಬೇರೆ ಕಾಲೇಜು ಸೇರುತ್ತಾನೆ. ಕೂಲಿಕಾರನ ಮಗನ ಓದು ಅಲ್ಲಿಗೇ ಮುಗಿಯುತ್ತದೆ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ನಿಯಮದ ಬಿಗಿ ಸಡಿಲಬಾರದು. ಗುಂಪುಶಿಕ್ಷೆಯ ಕಲಮು ಹೋಗಬೇಕು. ಆಪಾದಿತನಿಗೆ ವಿಚಾರಣೆ, ಸಾಕ್ಷಿಗೆ ರಕ್ಷಣೆ, ದೂರನ್ನು ಮುಚ್ಚಿಡುವ ಆಡಳಿತಕ್ಕೆ ಶಿಕ್ಷೆ, ಈ ಮೂರೂ ಆಗಬೇಕು. ಪಾಲಕರಿಂದ ಸಹಿ ಹಾಕಿಸಿಕೊಳ್ಳುವ ಪ್ರಮಾಣಪತ್ರವನ್ನು ಕನ್ನಡದಲ್ಲಿ ಓದಿ ಹೇಳಬೇಕು. ಪಾಲಕರೇ, ಓದದೆ ಸಹಿ ಮಾಡಬೇಡಿ. ಮಗ ಮನೆಗೆ ಬಂದಾಗ ಅಂಕಗಳಷ್ಟನ್ನೇ ಕೇಳಬೇಡಿ, ಅವನು ವಸತಿಗೃಹದಲ್ಲಿ ನೆಮ್ಮದಿಯಾಗಿ ಮಲಗುತ್ತಾನೆಯೇ ಎಂದೂ ಕೇಳಿರಿ.