ಅಂಕಣವೂ ಅಧ್ಯಾಪಕನೂ

ಪತ್ರಿಕೆಗೆ ಅಂಕಣ ಬರೆಯುವುದು ಪಾಂಡಿತ್ಯಕ್ಕೆ ಕುಂದೆಂಬ ಭಾವನೆ ನಮ್ಮ ವಿದ್ವದ್ವಲಯದಿಂದ ಇನ್ನೂ ಅಳಿದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಹಾ.ಮಾ. ನಾಯಕರ ಅಂಕಣಬರಹಗಳ ಸಂಕಲನ 'ಸಂಪ್ರತಿ'ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದುದು ಇದಕ್ಕೆ ತಕ್ಕ ಉತ್ತರ.

ಮುಂಬಯಿಯಂಥ ಹೊರನಾಡಿನಲ್ಲಿ, ತರಗತಿಗೆ ಬಾರದ ಕನ್ನಡಿಗನನ್ನು ವಿದ್ವಾಂಸನು ತಲುಪುವ ದಾರಿ ಅಂಕಣ. ಪರಿಭಾಷೆಯ ಮರೆ ಅಲ್ಲಿ ಸಲ್ಲದಾದುದರಿಂದ ಬರೆಯುವವನ ವಿಚಾರವೂ ತಿಳಿಯಾಗುತ್ತದೆ.

ಮಿತಿಯೂ ಅಷ್ಟೇ ನಿಜ. ಹಸ್ತಪ್ರತಿಯ ಒಂದು ಪಾಠಾಂತರವನ್ನು ನಿರ್ಣಯಿಸಲು ತಿಂಗಳುಗಳು ಬೇಕಾಗಬಹುದು. ಅಂಕಣವಾದರೋ ವಾರದ ಗಡುವನ್ನು ಮೀರುವಂತಿಲ್ಲ. ಆಧಾರಗಳಿಗೆ ಎಡೆಯಿಲ್ಲದಲ್ಲಿ ಊಹೆಯೇ ನಿರ್ಣಯದ ವೇಷ ತೊಡುತ್ತದೆ. ಆದುದರಿಂದ ಅಂಕಣದಲ್ಲಿ ಪ್ರಶ್ನೆಯನ್ನು ಎತ್ತಬೇಕು. ಓದುಗರ ಪತ್ರಗಳಿಂದ ಅದನ್ನು ತಿದ್ದಿಕೊಳ್ಳಬೇಕು. ತೀರ್ಮಾನವನ್ನು ಸಂಶೋಧನ ಪ್ರಬಂಧಕ್ಕೆ ಕಾಯ್ದಿರಿಸಬೇಕು. ಈ ಎಚ್ಚರದಿಂದ ಬರೆಯುವ ಕಿರಿಯ ಅಧ್ಯಾಪಕರನ್ನು ನಮ್ಮ ವಿಭಾಗಗಳು ಹಗುರಾಗಿ ಕಾಣದಿರಲಿ.